ಬರಿದಾಗಿ ಹೋದ ದಬರಿ

...ಅಲ್ಲ, ದಬರಿ ಕಳೆದದ್ದು ಮೊದಲು, ಮಳೆ ಶುರುವಾದದ್ದು ಆಮೇಲೆ ಇರಬೇಕು. ನನ್ನ ನೆನಪಿನಲ್ಲಿ ವಿಮಾನ ನಿಲ್ದಾಣದ ಒಳಗೇ ಮಳೆ ಬರುತ್ತಿದೆ. ಅದು ಸಾಧ್ಯವಿಲ್ಲ. ಹಾಗಾಗಿ ಈ ನೆನಪಿನ ಉಳಿದ ಭಾಗವನ್ನು ಎಷ್ಟು ನಂಬಬೇಕೋ ನನಗೇ ತಿಳಿಯದು. ತಾಯಕ್ಕನನ್ನು ಕೇಳಿದರೆ, "ಮಳೆ ಎಲ್ಲಿತ್ತು ಮೇಷ್ಟ್ರೇ? ನೀವು ಬೆವೀತಿದ್ರಿ" ಅನ್ನುತ್ತಾರೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ಒಂದೇ ಪದವಿದೆ: "ಚಕ್ರ?"

ಸಾಮಾನು ಬರುವ ಬೆಲ್ಟು

ಚಕ್ರದ ವಿಷಯ ನೆನಪಿದೆ. ಡೆನ್ಮಾರ್ಕಿಗೆ ಬಂದಿಳಿದು, ಬೆಲ್ಟಿನ ಮೇಲಿನ ಕೊನೆಯ ಪೆಟ್ಟಿಗೆಯೂ ಯಾರದೋ ಕೈ ಸೇರಿ, ಬೆಲ್ಟು ಸುಮ್ಮನೆ ಸುತ್ತುತ್ತಿತ್ತು. ನನ್ನ ಸೂಟ್‌ಕೇಸು ಬಂದಿತ್ತು. ತಾಯಕ್ಕನ ದಬರಿ ಬಂದಿರಲಿಲ್ಲ.

ತಾಯಕ್ಕ ಅಂದರೆ ಚಿಕ್ಕತಾಯಮ್ಮ, ಮಳವಳ್ಳಿ ಕಡೆಯವರು. ಅವರೂ ಅವರೂರಿನ ಇನ್ನು ಹತ್ತು ಹೆಂಗಸರೂ ಸೇರಿ ಒಂದು ಪಾತ್ರೆ ಸಂಘ ನಡೆಸುತ್ತಾರೆ. ಮದುವೆ, ತಿಥಿ, ಬೀಗರೂಟ, ಯಾವುದೇ ಇರಲಿ, ಊಟದ ತಟ್ಟೆಯಿಂದ ಹಿಡಿದು ಅನ್ನ ಬೇಯಿಸುವ ದಬರಿಯವರೆಗೆ ಎಲ್ಲವನ್ನೂ ಬಾಡಿಗೆಗೆ ಕೊಟ್ಟು, ವಾಪಸ್ ಬಂದದ್ದನ್ನು ತೊಳೆದು ಜೋಡಿಸಿಡುವುದು ಅವರ ಕೆಲಸ. ಸಂಘ ಬಂದ ಮೇಲೆ ಅವರೂರ ಕೆರೆ ಏರಿಯ ಮೇಲೆ ಥರ್ಮಾಕೋಲ್ ತಟ್ಟೆಯ ರಾಶಿ ಕಾಣುವುದಿಲ್ಲ. ಇದನ್ನು ಯಾರೋ ವಿಡಿಯೋ ಮಾಡಿದ್ದರು. ಅದು ಎಲ್ಲೆಲ್ಲೋ ಸುತ್ತಿ, ಹಲವು ದೇಶಗಳ ಕಂಪನಿ ಯಜಮಾನರು ಸೇರಿ ಮಾಡಿಕೊಂಡ ಒಂದು ಕೂಟದ ಕಣ್ಣಿಗೆ ಬಿತ್ತು. ಊರಿಗೆ ಉಪಕಾರವಾಗುವಂಥ ವ್ಯಾಪಾರ ಮಾಡುವವರನ್ನು ಆ ಕೂಟ ಪ್ರಪಂಚದ ಮೂಲೆಮೂಲೆಯಿಂದ ಕರೆಸಿ, ಮಾತು ಕೇಳಿ, ಕೆಲವರನ್ನು ಆರಿಸಿಕೊಂಡು, ಬೇಕಾದ ಯಂತ್ರ ಕೊಡಿಸಿ, ಒಂದು ವರ್ಷ ಬೆನ್ನಿಗೆ ನಿಲ್ಲುತ್ತದೆ. ಆಹ್ವಾನದಲ್ಲಿದ್ದ 'ಸಾಮಾಜಿಕ ಉದ್ಯಮಶೀಲತೆ' ಎಂಬುದನ್ನು ನಾನು ಓದಿ ಹೇಳಿದಾಗ ತಾಯಕ್ಕ, "ಅಂದ್ರೆ ಪಾತ್ರೆ ತೊಳೆಯೋದಾ?" ಅಂದಿದ್ದರು. ಯೋಚಿಸಿ ನೋಡಿ, ಹೌದು ಅಂದೆ.

ಅವರಿಗೆ ಬೇಕಾಗಿದ್ದುದು ದೊಡ್ಡ ಹೋಟೆಲುಗಳಲ್ಲಿ ಇರುತ್ತದಲ್ಲ, ಪಾತ್ರೆ ತೊಳೆಯುವ ಯಂತ್ರ, ಅದು. ಹನ್ನೊಂದು ಜನರಲ್ಲಿ ಮೂವರ ಸೊಂಟ ಆಗಲೇ ಹೋಗಿತ್ತು. ನಾಲ್ಕನೆಯವರಾದ ಕೆಂಪಮ್ಮ, "ಈ ಸಲ ಮಿಷನ್ ಬರ್ನಿಲ್ಲ ಅಂದ್ರೆ ನಾನಂತೂ ನಾಲೆ ಮೆಟ್ಲು ಮ್ಯಾಲೆ ಕುಕ್ಕರಗಾಲಲ್ಲಿ ಕೂರಾಕಿಲ್ಲ ಕಣಮ್ಮಿ" ಎಂದು ಹೇಳಿ ಕಳಿಸಿದ್ದರು. ಅವರೂ ಎದ್ದರೆ ಸಂಘ ಮುಚ್ಚಿದಂತೆ. ಪಾತ್ರೆಗಳನ್ನು ಒಟ್ಟಿಗೆ ಕೊಳ್ಳಲು ಒಬ್ಬ ಶಾಮಿಯಾನದವನು ಕಾದು ಕೂತಿದ್ದ. ಮಂಡ್ಯದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸಲು ಹೋದವನು.

ದೊರೆಗಳಿಗೆ ತೋರಿಸಲೆಂದು ತಾಯಕ್ಕ ಸಂಘದ ಹೆಸರು ಕೊರೆಸಿದ ಒಂದು ದಬರಿಯನ್ನು ಮುಚ್ಚಳ ಸಮೇತ ಜಮಖಾನದಲ್ಲಿ ಸುತ್ತಿ ತಂದಿದ್ದರು. ಒಳಗೆ ರಾಗಿ ಹಿಟ್ಟು, ಚಟ್ನಿಪುಡಿ, ಬೆಲ್ಲ. ಬೆಂಗಳೂರಿನ ಕೌಂಟರಿನಲ್ಲಿ ತೂಕ ಹೆಚ್ಚಾಯಿತೆಂದು ಅದನ್ನೆಲ್ಲ ನನ್ನ ಸೂಟ್‌ಕೇಸಿಗೆ ತುಂಬಿಸಿ, ದಬರಿಯನ್ನು ಖಾಲಿ ಕಳಿಸಿದೆವು. ಅದು ರಬ್ಬರ್ ಪರದೆ ಸರಿಸಿಕೊಂಡು ಒಳಗೆ ಹೋಗುವುದನ್ನು ನೋಡುತ್ತ ತಾಯಕ್ಕ, "ಬರಿದು ಓಯ್ತಲ್ಲ ಮೇಷ್ಟ್ರೇ" ಅಂದರು. ಆಗ ನನಗೆ ಅದು ದೊಡ್ಡ ಮಾತು ಅನ್ನಿಸಲಿಲ್ಲ.

ಸಾಮಾನು ಕಳೆದವರಿಗಾಗಿ ಇದ್ದ ಕಿಟಕಿಯಲ್ಲಿ ಒಬ್ಬ ತೆಳ್ಳಗಿನ ಯುವತಿ ಚಿತ್ರಗಳ ಹಾಳೆಯೊಂದನ್ನು ಮುಂದಿಟ್ಟಳು. ಪೆಟ್ಟಿಗೆ, ಬೆನ್ನಚೀಲ, ಮಗುವಿನ ಗಾಡಿ, ಗಿಟಾರು. ಯಾವುದರ ಹಾಗಿದೆ?

"ಯಾವ್ದೂ ಅಲ್ಲ ಕಣವ್ವ. ಇದು ದಬರಿ" ಎಂದು ತಾಯಕ್ಕ ಗಾಳಿಯಲ್ಲಿ ಎರಡೂ ಕೈಯಿಂದ ಅದರ ಹೊಟ್ಟೆ ಬರೆದು ತೋರಿಸಿದರು.

"ಚಕ್ರ ಇದೆಯೇ?"

"ದಬರಿಗೆ ಯಾರಾದ್ರೂ ಚಕ್ರ ಮಡಗ್ತಾರಾ? ಕೇಳಿ ಮೇಷ್ಟ್ರೇ, ಈವಮ್ಮಂಗೆ ಮದ್ವೆ ಆಗದಾ ಅಂತ."

"ಚಕ್ರ ಇಲ್ಲ" ಎಂದು ದಾಟಿಸಿದೆ.

"ಒಳಗೆ ಏನಿತ್ತು?"

"ಏನೂ ಇರಲಿಲ್ಲ."

ಯುವತಿ ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು. ಇಷ್ಟು ದೂರ ಖಾಲಿ ಪಾತ್ರೆ ತಂದವರನ್ನು ಅವಳು ನೋಡಿರಲಿಲ್ಲವೋ ಏನೋ. ಹಾಳೆಯಲ್ಲಿ ಎರಡು ವಿಳಾಸ ಬರೆಸಿಕೊಂಡಳು: ಅಲ್ಲಿ ನಾವು ಇಳಿದುಕೊಳ್ಳುವ ಮನೆಯದು, ಮಂಡ್ಯದ ನನ್ನ ಮನೆಯದು. ಈ ಎರಡು ವಿಳಾಸಗಳೇ ಮುಂದೆ ನನ್ನ ನಿದ್ದೆ ಕೆಡಿಸಿದ್ದು.

ಬಿರ್ಗಿಟ್ಟೆಯ ಮನೆ

ನಮ್ಮನ್ನು ಇಳಿಸಿದ್ದು ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ, ಬಿರ್ಗಿಟ್ಟೆ ಎಂಬ ಅರವತ್ತು ದಾಟಿದ ಹೆಂಗಸಿನ ಮಹಡಿಯ ಮೇಲೆ. ಆ ಹೆಸರು ಬಾಯಲ್ಲಿ ತಿರುಗದೆ ತಾಯಕ್ಕ ಮೊದಲ ಗಂಟೆಯಲ್ಲೇ ಅವರನ್ನು ಬೀಗಿತ್ತಿ ಮಾಡಿಕೊಂಡರು. ಅಡುಗೆ ಒಲೆ ಇತ್ತು, ಆದರೆ ಪಾತ್ರೆ ಅಂದರೆ ಒಂದು ಮೊಟ್ಟೆ ಬೇಯುವಷ್ಟು. ತಾಯಕ್ಕ ಕೆಳಗಿಳಿದು, ಒಂದು ಮಾತೂ ಇಂಗ್ಲಿಷಿನಲ್ಲಾಡದೆ, ಕೈಸನ್ನೆಯಲ್ಲೇ ಒಂದು ಭಾರವಾದ ಕಬ್ಬಿಣದ ಪಾತ್ರೆ ಇಸಕೊಂಡು ಬಂದು ಮುದ್ದೆ ತೊಳಸಿದರು. ತಿಂದೆವು. ಪಾತ್ರೆ ತೊಳೆದದ್ದಾಯಿತು.

"ಕೊಟ್ಟು ಬರಲಾ?" ಎಂದೆ.

"ಬರಿ ಪಾತ್ರೆನಾ?" ಎಂದು ನನ್ನನ್ನು ಅವರು ನೋಡಿದ ರೀತಿಗೆ ನಾನು ಕೂತೇಬಿಟ್ಟೆ. ನಮ್ಮ ಮನೆಯಲ್ಲೂ ಅಮ್ಮ ಪಕ್ಕದ ಮನೆಯ ಲೋಟವನ್ನು ಎರಡು ಕಾಳು ಸಕ್ಕರೆಯಾದರೂ ಹಾಕದೆ ಹಿಂದೆ ಕೊಟ್ಟವರಲ್ಲ. ನಾನು ಮರೆತಿದ್ದೆ. ತಾಯಕ್ಕ ಪಾತ್ರೆಯಲ್ಲಿ ಒಂದು ಮುದ್ದೆ ಇಟ್ಟು, ಪಕ್ಕದಲ್ಲಿ ಒಂದು ಚಮಚ ಚಟ್ನಿಪುಡಿ ಹಾಕಿ ಕೊಟ್ಟು ಬಂದರು.

ಮರುದಿನ ಬೆಳಿಗ್ಗೆ ನೋಡಿದರೆ ಮುದ್ದೆ ಬಿರ್ಗಿಟ್ಟೆಯ ಮುಂದಿನ ಕಿಟಕಿಯಲ್ಲಿ, ಒಂದು ಪಿಂಗಾಣಿ ತಟ್ಟೆಯ ಮೇಲೆ, ಎರಡು ಮೇಣದ ಬತ್ತಿಗಳ ನಡುವೆ ವಿರಾಜಮಾನವಾಗಿತ್ತು. ತುಂಬ ಸೊಗಸಾದ ಕೈಕೆಲಸ ಎಂದು ಬಿರ್ಗಿಟ್ಟೆ ನನ್ನ ಬಳಿ ಹೊಗಳಿದರು. ಅದನ್ನು ದಾಟಿಸಿದೆ. ಆಮೇಲೆ ತಾಯಕ್ಕ ಹೊಸದಾಗಿ ಒಂದು ಮುದ್ದೆ ಕಟ್ಟಿ ತಂದು ಅವರನ್ನು ಕೂರಿಸಿ, ತುತ್ತು ಮುರಿದು ಕೈಗೆ ಕೊಟ್ಟರು. ಬಿರ್ಗಿಟ್ಟೆ ಅಗಿದರು. ಅಗಿಯುತ್ತಲೇ ಇದ್ದರು.

"ಅಗೀಬ್ಯಾಡ ಕಣವ್ವ, ನುಂಗು! ಏಳಿ ಮೇಷ್ಟ್ರೇ, ನುಂಗು ಅನ್ನಿ!"

ಅರವತ್ತು ವರ್ಷ ಎಲ್ಲವನ್ನೂ ಅಗಿದೇ ತಿಂದ ಹೆಂಗಸಿಗೆ ಇದನ್ನು ಹೇಳುವುದು ಹೇಗೆ? ಬಿರ್ಗಿಟ್ಟೆ ಕಣ್ಣು ಮುಚ್ಚಿ ನುಂಗಿದರು. ಕಣ್ಣು ಬಿಟ್ಟಾಗ ಮುಖದಲ್ಲಿ ನದಿ ಈಜಿ ಬಂದವರ ಹೆಮ್ಮೆಯಿತ್ತು. ಅದೇ ಖುಷಿಯಲ್ಲಿ ಒಂದು ನೀಲಿ ತಟ್ಟೆಯಲ್ಲಿ ಏಲಕ್ಕಿ ಹಾಕಿದ ಬನ್ನು ತಂದುಕೊಟ್ಟರು.

ಕೆಲಸ ಕೆಟ್ಟದ್ದು ಇಲ್ಲಿ. ಈಗ ನೀಲಿ ತಟ್ಟೆ ನಮ್ಮ ಮನೆಯಲ್ಲಿ. ಅದು ಬರಿದು ಹೋಗುವಂತಿಲ್ಲ. ತಟ್ಟೆಯಲ್ಲಿ ಬೆಲ್ಲ ಹೋಯಿತು, ಜಾಮು ಬಂತು. ಚಟ್ನಿಪುಡಿ ಹೋಯಿತು, ಒಣಮೀನು ಬಂತು. ಅದು ಬಿರ್ಗಿಟ್ಟೆಯ ಕಡೆಯ ಮರ್ಯಾದೆಯೋ ಅಥವಾ ನಾವು ಹೀಗೆ ಕೇಳುತ್ತಿದ್ದೇವೆಂದು ಅವರು ತಿಳಿದರೋ, ಗೊತ್ತಿಲ್ಲ. ಎರಡನೆಯ ದಿನ ಸಂಜೆಯ ಹೊತ್ತಿಗೆ ನನ್ನ ಸೂಟ್‌ಕೇಸು ಬರಿದಾಗಿ, ತಟ್ಟೆ ಮಾತ್ರ ನಮ್ಮ ಮೇಜಿನ ಮೇಲೆ ಉಳಿದಿತ್ತು.

ಅದೇ ದಿನ ಮಧ್ಯಾಹ್ನ ಇನ್ನೊಂದು ನಡೆಯಿತು. ಅಲ್ಲಿಯವರು ಮಗುವನ್ನು ಗಾಡಿಯಲ್ಲಿ ಮಲಗಿಸಿ, ಗಾಡಿಯನ್ನು ಅಂಗಡಿಯ ಹೊರಗೆ ಬಿಟ್ಟು, ತಾವು ಒಳಗೆ ಕಾಫಿ ಕುಡಿಯುತ್ತಾರೆ. ಚಳಿಗಾಳಿ ಮಗುವಿಗೆ ಒಳ್ಳೆಯದಂತೆ. ಬೇಕರಿಯ ಮುಂದೆ ಅಂಥದೊಂದು ಗಾಡಿ ಕಂಡು ತಾಯಕ್ಕ ಅಲ್ಲೇ ಕಾವಲು ನಿಂತರು. "ಬುಟ್ಬುಟ್ಟು ಓಗವ್ರಲ್ಲ ಮೇಷ್ಟ್ರೇ! ನಾಯಿ ಬಂದ್ರೆ?" ನಾಯಿಗಳೆಲ್ಲ ಹಗ್ಗ ಕಟ್ಟಿಸಿಕೊಂಡು, ಕೋಟು ಹಾಕಿಕೊಂಡು ಓಡಾಡುವ ಊರು ಅದು. ಅರ್ಧ ಗಂಟೆಯ ಮೇಲೆ ತಾಯಿ ಬಂದಳು. ತಾಯಕ್ಕ ಅವಳಿಗೆ ಚೆನ್ನಾಗಿ ಬೈದರು. ಅವಳು ನಗುತ್ತ ಧನ್ಯವಾದ ಹೇಳಿ ಹೋದಳು. "ಬಯ್ಸ್ಕಂಡು ನಗ್ತಾಳೆ, ಒಳ್ಳೇಳು" ಎಂದು ತಾಯಕ್ಕ ತೀರ್ಪು ಕೊಟ್ಟರು.

ಆಲೂಗೆಡ್ಡೆ ಗೂಡು

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ತಾಯಕ್ಕ ಸಭೆಯಲ್ಲಿ ಮಾತಾಡಬೇಕಿತ್ತು. ಒಂಬತ್ತಕ್ಕೆ ಅವರು ಹೊಸ ಸೀರೆಯುಟ್ಟು, ನೀಲಿ ತಟ್ಟೆಯನ್ನು ಸೆರಗಿನಲ್ಲಿ ಒರೆಸುತ್ತ ನಿಂತಿದ್ದರು.

"ಬೇರೇರ ತಟ್ಟೆ ಮನೇಲಿ ಮಡೀಕಂಡು ಓಗಿ, ನಾನ್ ಅಲ್ಲಿ ಪಾತ್ರೆ ಬಗ್ಗೆ ಮಾತಾಡ್ಲಾ? ನಾಲ್ಗೆ ಏಳ್ತದಾ?"

"ಸಂಜೆ ಕೊಡೋಣ ತಾಯಕ್ಕ."

"ಈಗ್ಲೇ. ಏನಾರ ಒಸಿ ತರಣ ಬನ್ನಿ."

ಮನೆಯ ಬೇಲಿ ದಾಟಿ ರಸ್ತೆ ತಿರುಗುವಲ್ಲಿ ಒಂದು ಮರದ ಗೂಡಿತ್ತು. ಅದರೊಳಗೆ ಕಾಗದದ ಚೀಲಗಳಲ್ಲಿ ಮಣ್ಣು ಮೆತ್ತಿದ ಆಲೂಗೆಡ್ಡೆ. ಪಕ್ಕದಲ್ಲಿ ಒಂದು ತಗಡಿನ ಡಬ್ಬಿ, ಏನೋ ಬರೆದಿದ್ದ ಒಂದು ಫಲಕ. ಮಾರುವವರಿಲ್ಲ. ಸುತ್ತ ನೋಡಿದೆವು, ಕೂಗಿದೆವು. ಯಾರೂ ಬರಲಿಲ್ಲ.

"ಪಾಪ, ಎಲ್ಲೋ ಒಂದಕ್ಕೆ ಓಗಿರ್ಬೇಕು. ಇಂಗೆ ಬುಟ್ಟು ಓದ್ರೆ ಉಳೀತದಾ? ಬರೋಗಂಟ ನೋಡ್ಕಳಣ" ಎಂದು ತಾಯಕ್ಕ ಗೂಡಿನ ಪಕ್ಕದ ಕಲ್ಲಿನ ಮೇಲೆ ಕೂತೇಬಿಟ್ಟರು. ಮದ್ದೂರು ಸಂತೆಯಲ್ಲಿ ಪಕ್ಕದವಳು ಟೀ ಕುಡಿಯಲು ಹೋದರೆ ಅವಳ ಗುಡ್ಡೆಯನ್ನು ನೋಡಿಕೊಳ್ಳುವುದು, ಗಿರಾಕಿ ಬಂದರೆ ಮಾರಿಯೂ ಕೊಡುವುದು ರೂಢಿಯಲ್ಲವೇ? ಆ ನಾಡಿನಲ್ಲಿ ಮಾರುವವರಿಲ್ಲದ ಅಂಗಡಿಯೇ ಅಂಗಡಿ ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ತಿಳಿದಿರಬೇಕಾಗಿದ್ದವನು ನಾನು.

ಮೊದಲ ಗಿರಾಕಿ ಒಬ್ಬ ಎತ್ತರದ ಗಂಡಸು. ಚೀಲ ತೆಗೆದುಕೊಂಡು, ಫಲಕದ ಮುಂದೆ ಫೋನು ಹಿಡಿದು, ಹೊರಟ.

"ಅಲ್ಲಾ, ಫೋಟೋ ತಕ್ಕಂಡು ಓಯ್ತಾವ್ನಲ್ಲ! ಏ ಯಪ್ಪಾ, ಕಾಸು?"

ಆತ ಬೆಚ್ಚಿ ನಿಂತು ಫೋನು ತೋರಿಸಿದ. ಹಣ ಫೋನಿನಲ್ಲೇ ಹೋಗಿತ್ತು. ನಮ್ಮಲ್ಲಿ ಎಳನೀರಿನ ಗಾಡಿಯಲ್ಲೂ ಇದೇ ನಡೆಯುತ್ತದೆ, ಆದರೆ ಡಬ್ಬಿ "ಹಣ ಬಂತು" ಎಂದು ಕೂಗುತ್ತದೆ. ಇಲ್ಲಿ ಕೂಗುವುದಿಲ್ಲ. ನಾಚಿಕೆಯಾಗಿ ತಾಯಕ್ಕ ಇನ್ನೊಂದು ಚೀಲದಿಂದ ಒಂದು ಗೆಡ್ಡೆ ತೆಗೆದು ಅವನ ಚೀಲಕ್ಕೆ ಕೊಸರು ಹಾಕಿದರು. ಅವನು ಅದನ್ನು ತೆಗೆದು ಗೂಡಿನಲ್ಲಿಟ್ಟ. ತಾಯಕ್ಕ ಮತ್ತೆ ಹಾಕಿದರು. ಅವನು ಮತ್ತೆ ತೆಗೆದ. ಕೊನೆಗೆ ಗೆಡ್ಡೆ ಯಾರ ಬಳಿ ಉಳಿಯಿತೋ ನನಗೆ ನೆನಪಿಲ್ಲ. ಆತ ನಡೆದುಹೋದ ರಭಸ ನೆನಪಿದೆ.

ಆಮೇಲೆ ಇಬ್ಬರೋ ಮೂವರೋ ಬಂದರು. ಎಲ್ಲರಿಗೂ ಕೊಸರು. ಹತ್ತೂಕಾಲಿಗೆ, ತಲೆಗೆ ಹೆಲ್ಮೆಟ್ಟು, ಮೈಗೆ ಹಳದಿ ಮಳೆಕೋಟು ಹಾಕಿದ್ದ ಒಬ್ಬ ಮುದುಕ ಸೈಕಲ್ಲಿನಿಂದ ಇಳಿದು ನಮ್ಮನ್ನೇ ನೋಡುತ್ತ ನಿಂತ. ನಾನು ಕೈ ಗಡಿಯಾರ ನೋಡಿಕೊಳ್ಳುತ್ತ ಬೆವರುತ್ತಿದ್ದೆ. ತಾಯಕ್ಕ ಅವನ ಕೈಗೆ ಒಂದು ಚೀಲ ಕೊಟ್ಟರು. ಅವನು ಏನೋ ಹೇಳಹೋದ. ತಾಯಕ್ಕ ಒಂದು ದಪ್ಪ ಗೆಡ್ಡೆಯನ್ನು ಅವನ ಮಳೆಕೋಟಿನ ಜೇಬಿಗೆ ತುರುಕಿ, ಅವನು ತೆಗೆಯದಂತೆ ಜೇಬಿನ ಮೇಲೆ ಎರಡು ಬಾರಿ ತಟ್ಟಿದರು.

ಆ ಮುದುಕ ಹೆಲ್ಮೆಟ್ಟು ತೆಗೆದ. ಯೆನ್ಸ್! ಕಿಟಕಿ ಮಾಡುವ ದೊಡ್ಡ ಕಂಪನಿಯ ಯಜಮಾನ, ತೀರ್ಪು ಹೇಳುವ ಮೂವರಲ್ಲಿ ಒಬ್ಬರು. ಆಹ್ವಾನ ಪತ್ರದ ಚಿತ್ರದಲ್ಲಿ ಕೋಟು ಟೈ ಹಾಕಿಕೊಂಡು ನಗುತ್ತಿದ್ದವರು. ಮಾತಾಡಬೇಕಾದವರು ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದರು.

ನಾನು ಕ್ಷಮೆ ಕೇಳಿದೆ, ಆಲೂಗೆಡ್ಡೆಯವನು ಇನ್ನೂ ಬಂದಿಲ್ಲ ಎಂದೆ. ಯೆನ್ಸ್ ಬಹಳ ಮೆಲ್ಲಗೆ, ಮಗುವಿಗೆ ಹೇಳುವಂತೆ, ಇಲ್ಲಿ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ ಎಂದು ವಿವರಿಸಿದರು. ದಾಟಿಸಿದೆ.

"ಯಾರೂ ನೋಡ್ಕಳಲ್ವಾ? ಮತ್ತೆ ನಮ್ಮನ್ನ್ ಯಾಕೆ ಕೂರ್ಸಿದ್ರಿ ಮೇಷ್ಟ್ರೇ?"

ನಾನು ಕೂರಿಸಿರಲಿಲ್ಲ. ಇದನ್ನು ಬರೆದಿಡುವುದು ಮುಖ್ಯ.

ನೀಲಿ ತಟ್ಟೆಯ ತುಂಬ ಆಲೂಗೆಡ್ಡೆ ಜೋಡಿಸಿ, ಡಬ್ಬಿಗೆ ಹಣ ಹಾಕಿ, ಮನೆಗೆ ಓಡಿ ಬಿರ್ಗಿಟ್ಟೆಯ ಕೈಗೆ ಕೊಟ್ಟೆವು. ಅವರು ತಟ್ಟೆ ನೋಡಿದರು, ಬೇಲಿಯಾಚೆ ಗೂಡಿನ ಕಡೆ ನೋಡಿದರು, ಯೆನ್ಸ್ ಮುಖ ನೋಡಿದರು. ಡೇನಿಷ್ ಭಾಷೆಯಲ್ಲಿ ಏನೋ ಅಂದರು. ಯೆನ್ಸ್ ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ನಕ್ಕರು. ಗೂಡು ಬಿರ್ಗಿಟ್ಟೆಯದೇ. ಅವರ ಹಿತ್ತಿಲಿನ ಗೆಡ್ಡೆಯನ್ನೇ ಕೊಂಡು ಅವರಿಗೇ ಕೊಟ್ಟಿದ್ದೆವು. ಇದು ನಿಜವಾಗಿ ನಡೆಯಿತೇ, ಹೇಳುತ್ತ ಹೇಳುತ್ತ ನಾನೇ ಸೇರಿಸಿಕೊಂಡೆನೇ ಎಂಬ ಅನುಮಾನ ನನಗಿದೆ. ಟಿಪ್ಪಣಿ ಪುಸ್ತಕದಲ್ಲಿ "ಆಲೂ—ಬಿ.ಯದ್ದೇ!" ಎಂದಿದೆ. ಆಶ್ಚರ್ಯಸೂಚಕ ಚಿಹ್ನೆ ಮಾತ್ರ ಬೇರೆ ಬಣ್ಣದ ಶಾಯಿಯಲ್ಲಿದೆ.

ಹಳೆಯ ಮೀನಿನ ಗೋದಾಮು

ಸಭೆ ನಡೆದದ್ದು ಒಂದು ಕಾಲದಲ್ಲಿ ಮೀನು ತುಂಬುತ್ತಿದ್ದ ಗೋದಾಮಿನಲ್ಲಿ. ಮಧ್ಯೆ ಉದ್ದನೆಯ ಮೇಜು. ಆಚೆ ಮೂವರು ಯಜಮಾನರು: ಯೆನ್ಸ್, ನೈರೋಬಿಯಲ್ಲಿ ಬಸ್ಸುಗಳನ್ನು ಓಡಿಸುವ ಒಬ್ಬಾಕೆ, ಮತ್ತು ಇಡೀ ಹೊತ್ತು ಬಾಯಿ ಬಿಡದ ಒಬ್ಬರು ಬಿಸ್ಕತ್ತಿನ ಉದ್ಯಮಿ. ನಮಗಿಂತ ಮೊದಲು ಮಾತಾಡಿದ ಪೆರುವಿನ ಉಣ್ಣೆಯವನು ಗೋಡೆಯ ತುಂಬ ಲಾಭನಷ್ಟದ ಬಣ್ಣದ ಗೆರೆಗಳನ್ನು ತೋರಿಸಿದ್ದನಂತೆ. ತಾಯಕ್ಕನಿಗೆ ತೋರಿಸಲು ದಬರಿಯೂ ಇರಲಿಲ್ಲ.

ಸೆರಗು ಬಿಗಿಮಾಡಿಕೊಂಡು ಶುರು ಮಾಡಿದರು. ನಾಲೆಯ ಮೆಟ್ಟಿಲು, ಬೀಗರೂಟದ ಜಿಡ್ಡು, ಕೆಂಪಮ್ಮನ ಸೊಂಟ, ಎಲ್ಲ ಹೇಳಿದರು. ನಾನು ದಾಟಿಸಿದೆ. ಜಿಡ್ಡಿಗೆ ಇಂಗ್ಲಿಷಿನಲ್ಲಿ ಅಷ್ಟು ಜಿಡ್ಡಿನ ಮಾತಿಲ್ಲ.

ಬಸ್ಸಿನಾಕೆ ಕೇಳಿದರು: "ಪಾತ್ರೆ ವಾಪಸ್ ಬರದಿದ್ದರೆ?"

"ಬರದೆ ಎಲ್ಲೋದಾತು? ಎಸ್ರು ಕೊರ್ಸಿವ್ನಿ. ಮಡೀಕಂಡೋರ ಮನೇಲಿ ಅದು ದಿನಾ ನಮ್ ಎಸ್ರು ಏಳ್ತದೆ."

"ಏನೂ ಕಳೆಯುವುದಿಲ್ಲವೇ?"

ತಾಯಕ್ಕ ಯೋಚಿಸಿ, "ಸೌಟು" ಅಂದರು. "ಸೌಟು ಮಾತ್ರ ಯಾರೂ ಕೊಡಕಿಲ್ಲ. ಅದ್ಯಾಕೋ ಗೊತ್ತಿಲ್ಲ."

ಬಸ್ಸಿನಾಕೆ ಮೇಜು ಗುದ್ದಿ, ತಮ್ಮ ಅತ್ತೆಯ ಮನೆಯ ಕಡೆಯೂ ಹೀಗೇ ಎಂದು ಕೂಗಿದರು. ಬಿಸ್ಕತ್ತಿನವರೂ ತಲೆಯಾಡಿಸಿದರು. ಸೌಟಿನ ವಿಷಯದಲ್ಲಿ ಪ್ರಪಂಚ ಒಂದೇ ಎಂದು ನನಗೂ ಅನ್ನಿಸಿತು.

ಯೆನ್ಸ್ ಮಾತ್ರ ಬಿಡಲಿಲ್ಲ. ಮುಂಗಡ ಇಟ್ಟುಕೊಳ್ಳಿ, ತಡವಾದರೆ ದಂಡ ಹಾಕಿ, ಇಲ್ಲದಿದ್ದರೆ ವ್ಯಾಪಾರ ಬೆಳೆದ ಮೇಲೆ ಜನ ಕೈ ಕೊಡುತ್ತಾರೆ ಎಂದರು. ದಾಟಿಸಿದೆ.

"ದಂಡ ಆಕುದ್ರೆ ಬರಿದು ಕೊಡ್ತಾರೆ. ಈಗ ಒಸಿ ಪಲ್ಯನೋ, ಪಾಯಸನೋ ಮಡಗಿ ಕೊಡ್ತಾರೆ. ತೊಳೆಯೋರ್ಗೆ ಅದೇ ಮಧ್ಯಾನದ ಊಟ."

"ಅದು ನಿಮ್ಮೂರಿನಲ್ಲಿ, ಗುರುತಿನವರ ನಡುವೆ. ಗುರುತಿಲ್ಲದವರು?"

ತಾಯಕ್ಕನಿಗೆ ರೇಗಿತು. ಎದ್ದು ನಿಂತರು. "ನನ್ ದಬರಿ ನಿಮ್ ಏರೋಪ್ಲೇನ್ನೋರ ತಾವ ಅದೆ. ಅವ್ರ್ ಗುರ್ತು ನಂಗಿಲ್ಲ, ನನ್ ಗುರ್ತು ಅವ್ರಿಗಿಲ್ಲ. ಅದು ಬತ್ತದೆ. ಬಂದ್ರೆ ಬರಿದು ಬರಕಿಲ್ಲ. ಬರಿದು ಬಂದ್ರೆ ನಿಮ್ ಮಿಷನ್ನೇ ನಂಗೆ ಬ್ಯಾಡ. ಅವ್ರಿಗೆ ಇಂಗೇ ಏಳಿ ಮೇಷ್ಟ್ರೇ."

ನಾನು ಏನು ಹೇಳಿದೆ? ಇಲ್ಲೇ ನನ್ನ ನೆನಪು ಸರಿಯಾಗಿ ಕೈಕೊಡುವುದು. ಹನ್ನೊಂದು ಜನರ ಸೊಂಟ ಆ ಮಾತಿನ ಮೇಲೆ ನಿಂತಿತ್ತು. "ಇವರಿಗೆ ವಿಮಾನದವರ ಮೇಲೆ ತುಂಬ ಭರವಸೆಯಿದೆ" ಎಂದಷ್ಟೇ ಜಾಣತನದಿಂದ ದಾಟಿಸಿದೆ ಎಂದು ನನ್ನ ನೆನಪು. ಆದರೆ ಇಡೀ ಗೋದಾಮು ನಕ್ಕಿತ್ತು. ಅಂಥ ಸಪ್ಪೆ ವಾಕ್ಯಕ್ಕೆ ಯಾರೂ ಹಾಗೆ ನಗುವುದಿಲ್ಲ. ಯೆನ್ಸ್ ಜೇಬಿನಿಂದ ತಮ್ಮ ಕೊಸರಿನ ಆಲೂಗೆಡ್ಡೆ ತೆಗೆದು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟು, ಏನನ್ನೋ ಬರೆದುಕೊಂಡರು.

ಮಂಡ್ಯ

ಊರಿಗೆ ಬಂದ ಮೂರನೆಯ ವಾರ ನನಗೆ ಕಾಗದ ಬಂತು. ಪಾತ್ರೆ ಸಂಘ ಆಯ್ಕೆಯಾಗಿದೆ. ತಿಂಗಳು ಮುಗಿಯುವುದರೊಳಗೆ ಸಹಿ ಮಾಡಿ ಕಳಿಸಿದರೆ ಯಂತ್ರ ಬರುತ್ತದೆ, ಯೆನ್ಸ್ ಅವರೇ ವರ್ಷವಿಡೀ ಜೊತೆಗಿರುತ್ತಾರೆ. ಕೆಳಗೆ ಒಂದು ಸಾಲು: "ದಬರಿಯ ಸಮಾಚಾರಕ್ಕಾಗಿ ಕಾಯುತ್ತಿದ್ದೇವೆ."

ತಾಯಕ್ಕ ಸಹಿ ಮಾಡಲಿಲ್ಲ.

"ಅದು ತಮಾಷೆಗೆ ಬರೆದದ್ದು ತಾಯಕ್ಕ" ಎಂದೆ.

"ನಾನ್ ತಮಾಸೆಗ್ ಏಳ್ನಿಲ್ವಲ್ಲ. ದಬರಿ ಬರ್ಲಿ."

ಪಕ್ಕದಲ್ಲಿದ್ದ ಕೆಂಪಮ್ಮ ಸೊಂಟ ಹಿಡಿದುಕೊಂಡೇ ಎಗರಿದರು. "ಲೇ ತಾಯಿ, ಸೊಂಟ ಬಿದ್ದೋಗಿರೋದು ನಂದು, ಮಾತು ಕೊಟ್ಟಿರೋದು ನೀನು! ಆ ದಬರಿನ ಯಾವ ಗುಜರಿಯೋನು ಬಡ್ದು ಚಪ್ಪಟೆ ಮಾಡವ್ನೋ. ಆಕಮ್ಮಿ ಸೈನು!"

"ಆಕಾಕಿಲ್ಲ ಕಣ್ ಬುಡು."

ತಿಂಗಳ ಕೊನೆಗೆ ನಾಲ್ಕು ದಿನವಿದ್ದಾಗ ದಬರಿ ನಮ್ಮ ಮನೆಗೆ ಬಂತು. ನಾನು ಕಾಲೇಜಿನಲ್ಲಿದ್ದೆ. ಇಸಕೊಂಡವಳು ನನ್ನ ಹೆಂಡತಿ ಸರೋಜ. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ, ಅಂದು ರಜೆ ಹಾಕಿದ್ದಳು. ತಾಯಕ್ಕ ಕಟ್ಟಿದ ಬಾಜಿಯ ವಿಷಯ ಅವಳಿಗೆ ಗೊತ್ತಿತ್ತು. ಅಷ್ಟೇಕೆ, ಅಷ್ಟು ಹೊತ್ತಿಗೆ ಮಂಡ್ಯ ಜಿಲ್ಲೆಗೇ ಗೊತ್ತಿತ್ತು. ಸುತ್ತಿದ್ದ ಜಮಖಾನ ಹೋಗಿತ್ತು. ದಬರಿಯ ಮೇಲೆ ಚೀಟಿಯ ಮೇಲೆ ಚೀಟಿ ಅಂಟಿಸಿ, ಅದು ಯಾವ ಯಾವ ಊರು ಸುತ್ತಿತೋ, ಬಿರ್ಗಿಟ್ಟೆಯ ಮನೆಗೆ ಹೋಗಿ ಬಂತೋ, ನೇರ ಬಂತೋ ಓದಲಾಗದಂತೆ ಮಾಡಿದ್ದರು. ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿತ್ತು. ಒಂದು ಕಡೆ ಅದು ಎದ್ದಿತ್ತು.

"ತೆಗೆದು ನೋಡಿದೆಯಾ?" ಎಂದು ಸರೋಜಳನ್ನು ಕೇಳಿದೆ.

"ನಾನ್ಯಾಕ್ರೀ ನೋಡ್ಲಿ? ನಿಮ್ಮ ದಬರಿ, ನಿಮ್ಮ ತಲೆನೋವು" ಎಂದು ಕುಕ್ಕರ್ ಇಡಲು ಹೋದಳು.

ನಾನೂ ತೆಗೆಯಲಿಲ್ಲ. ಬರಿದಿದ್ದರೆ? ನೋಡಿದ ಮೇಲೆ ಸುಳ್ಳು ಹೇಳಬೇಕಾಗುತ್ತದೆ. ನೋಡದಿದ್ದರೆ ಏನೂ ಹೇಳಬೇಕಾಗಿಲ್ಲ.

ಮದ್ದೂರಿನ ಮೇಲೆ

ಮಂಡ್ಯದಿಂದ ಮಳವಳ್ಳಿಗೆ ನೇರ ಬಸ್ಸಿದೆ. ಆದರೆ ಕಂಡಕ್ಟರ್ ದಬರಿಯನ್ನು ನೋಡಿ, "ಇದುನ್ನ ಮಡಗಿದ್ರೆ ನಾಕ್ ಜನ ಎಲ್ಲಿ ನಿಂ‌ತ್ಕಳಾದು ಸಾ?" ಎಂದು ಶಿಳ್ಳೆ ಹೊಡೆದುಬಿಟ್ಟ. ರೈಲು ಹಿಡಿದು ಮದ್ದೂರಿನ ಮೇಲೆ ಹೋಗುವುದೆಂದಾಯಿತು. ಹನಕೆರೆಯಲ್ಲಿ ಇನ್ನೊಂದು ಗಾಡಿಗೆ ದಾರಿ ಬಿಡಲು ನಮ್ಮದನ್ನು ನಿಲ್ಲಿಸಿದರು. ದಬರಿ ತೊಡೆಯ ಮೇಲಿತ್ತು.

ಎದುರಿನ ರುಮಾಲಿನವರು ಕೇಳಿದರು: "ಒಳ್ಗಡೆ ಏನದೆ ಸಾ?"

"ಗೊತ್ತಿಲ್ಲ."

"ನಿಮ್ದೇ ಅಲ್ವಾ?"

"ಅಲ್ಲ."

ಅವರು ತಮ್ಮ ಚೀಲವನ್ನು ನನ್ನಿಂದ ದೂರ ಎಳೆದುಕೊಂಡರು. ರೈಲು ಹೊರಟಾಗ ದಬರಿಯೊಳಗೆ ಏನೋ ಉರುಳಿದ ಸದ್ದು ಕೇಳಿದಂತಾಯಿತು. ಆದರೆ ಆ ಗಾಡಿಯಲ್ಲಿ ಎಲ್ಲವೂ ಉರುಳುತ್ತದೆ.

ಮದ್ದೂರಿನಲ್ಲಿ ಇಳಿದು ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಒಂದು ಪೊಟ್ಟಣ ವಡೆ ಕೊಂಡು, ಕಣ್ಣು ಮುಚ್ಚಿಕೊಂಡು, ಅಂಟುಪಟ್ಟಿ ಎದ್ದಿದ್ದ ಕಡೆ ಮುಚ್ಚಳವನ್ನು ಒಂದು ಅಂಗುಲ ಎತ್ತಿ, ಪೊಟ್ಟಣವನ್ನು ಒಳಗೆ ತುರುಕಿದೆ. ಬೇರೆಯವರ ಪಾತ್ರೆಯನ್ನು ಹೊತ್ತುಕೊಂಡು ಹೋಗುತ್ತಿದ್ದವನು ನಾನೂ ಹೌದಲ್ಲ.

ಅವರೂರು

ಹನ್ನೊಂದು ಹೆಂಗಸರು ಅಂಗಳದಲ್ಲಿ ಸುತ್ತ ನಿಂತರು. ತಾಯಕ್ಕ ಮೊದಲು ಕೊರೆಸಿದ ಹೆಸರಿನ ಮೇಲೆ ಬೆರಳಾಡಿಸಿ, ಆಮೇಲೆ ಮುಚ್ಚಳ ತೆಗೆದರು. ಕೈ ಹಾಕಿ ಪೊಟ್ಟಣ ಎತ್ತಿ ಮೂಸಿದರು.

"ಇದು ಮದ್ದೂರ್ದು. ಇನ್ನೂ ಬಿಸಿ ಅದೆ. ನೀವ್ ಮಡಗಿರಾದು ಮೇಷ್ಟ್ರೇ, ಇದು ಸೇರಾಕಿಲ್ಲ."

ನಾನು ನೆಲ ನೋಡಿದೆ. ಕೆಂಪಮ್ಮ ಹಣೆ ಬಡಿದುಕೊಂಡರು. ತಾಯಕ್ಕ ಇನ್ನೊಮ್ಮೆ ಕೈ ಹಾಕಿದರು, ಮೊಣಕೈವರೆಗೆ. ಹೊರಗೆ ತೆಗೆದಾಗ ಕೈಯಲ್ಲಿ ಒಂದು ಆಲೂಗೆಡ್ಡೆಯಿತ್ತು. ಒಂದೇ ಒಂದು. ಸ್ವಲ್ಪ ಬಾಡಿ, ಒಂದು ಕಡೆ ಬಿಳಿಯ ಮೊಳಕೆ ಒಡೆದದ್ದು.

"ಇದು?"

"ನಾನಲ್ಲ. ದೇವರಾಣೆಗೂ ನಾನಲ್ಲ."

ತಾಯಕ್ಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಪಾತ್ರೆ ವಾಪಸ್ ತಂದವರ ಮುಖ ನೋಡಿ ಸೌಟು ಎಲ್ಲಿದೆ ಎಂದು ಹೇಳಬಲ್ಲ ಹೆಂಗಸು ಅವರು. ಕೊನೆಗೆ, "ಇವರಲ್ಲ" ಅಂದರು.

"ಯಾರಾದ್ರೂ ಆಗಿರ್ಲಿ ಕಣಮ್ಮಿ" ಎಂದು ಕೆಂಪಮ್ಮ ಅಳುವುದೋ ನಗುವುದೋ ತಿಳಿಯದೆ ಕೂಗಿದರು, "ಬರಿದು ಬರ್ನಿಲ್ವಲ್ಲ! ಈಗ್ಲಾರ ಆಕು ಸೈನು!"

ತಾಯಕ್ಕ ದಬರಿಯ ಮುಚ್ಚಳದ ಮೇಲೆ ಕಾಗದವಿಟ್ಟು, ಆಲೂಗೆಡ್ಡೆಯನ್ನು ಅದು ಹಾರದಂತೆ ಒಂದು ಮೂಲೆಗೆ ಇಟ್ಟು, ನಿಧಾನವಾಗಿ, ಪೂರ್ತಿ ಹೆಸರು ಬರೆದರು. ಆಮೇಲೆ ವಡೆ ಹಂಚಿದರು.

ಯಂತ್ರ ಬಂದಿದೆ. ಕರೆಂಟಿದ್ದಾಗ ತೊಳೆಯುತ್ತದೆ, ಇಲ್ಲದಾಗ ಕೆಂಪಮ್ಮ ಅದರ ಮುಂದೆ ಕುರ್ಚಿ ಹಾಕಿಕೊಂಡು ಅದಕ್ಕೆ ಬೈಯುತ್ತಾರೆ. ದಂಡದ ವಿಷಯವನ್ನು ಯೆನ್ಸ್ ಮತ್ತೆ ಎತ್ತಿಲ್ಲ. ದಬರಿಯಲ್ಲಿ ಒಂದು ಆಲೂಗೆಡ್ಡೆ ಸಿಕ್ಕಿತೆಂದು ನಾನು ಬರೆದಾಗ ಅವರು "ಹೌದೇ?" ಎಂದಷ್ಟೇ ಉತ್ತರಿಸಿದರು. ಬಿರ್ಗಿಟ್ಟೆಯನ್ನು ಕೇಳಿದ್ದಕ್ಕೆ ಈ ಸಲ ಬೆಳೆ ಚೆನ್ನಾಗಿದೆ ಎಂದು ಉತ್ತರ ಬಂತು. ಅಷ್ಟು ಗಡಿ ದಾಟಿ ಬರುವ ಪಾತ್ರೆಯಲ್ಲಿ ಒಂದು ಹಸಿ ಗೆಡ್ಡೆಯನ್ನು ಯಾರು ಬಿಟ್ಟಾರು? ಅದು ಡೆನ್ಮಾರ್ಕಿನದೋ, ನಮ್ಮ ಅಡುಗೆಮನೆಯ ಬುಟ್ಟಿಯದೋ ನೋಡಿ ಹೇಳು ಎಂದು ಸರೋಜಳಿಗೆ ಫೋಟೋ ತೋರಿಸಿದೆ. "ನಂದು ರಾಗಿ ವಿಭಾಗ ಕಣ್ರೀ" ಅಂದಳು.

ಆ ಆಲೂಗೆಡ್ಡೆಯನ್ನು ದಬರಿಯಲ್ಲಿ ಇಟ್ಟವರು ಯಾರು ಎಂಬುದು ನನಗೆ ಗೊತ್ತಿಲ್ಲ. ಸರೋಜಳನ್ನು ಇನ್ನೊಂದು ಸಲ ಕೇಳಿಲ್ಲ.